ಜೈಂಟ್ ವೀಲ್ ಇಳಿಯುವಾಗ

ಬಂಗಾರಪೇಟೆಯ ರೈಲಿಗೆ ಇನ್ನೂ ಹೊತ್ತಿತ್ತು. ಚಿನ್ನದ ಗಣಿಗಳ ಊರಾದ ಚಾಂಪಿಯನ್ ರೀಫ್ಸ್‌ನ ಮೈದಾನದಲ್ಲಿ ಜೈಂಟ್ ವೀಲ್ ತಿರುಗುತ್ತಿತ್ತು. ಬೇಸರ ಕಳೆಯಲು ಹತ್ತಿ ಕುಳಿತೆ. ನನ್ನ ತೊಟ್ಟಿಲಿಗೇ ಬಂದ ಹೆಂಗಸೊಬ್ಬಳು ಕೂರುವ ಮೊದಲು ಕಬ್ಬಿಣದ ಕಂಬಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ಬೆರಗಾಗಿ ನೋಡಿದೆ.

"ನಮ್ಮೆಜಮಾನ್ರು ಗಣಿಯೊಳಕ್ಕೆ ಇಳಿಸೋ ಕೇಜು ಹತ್ತೋವಾಗ ಇಂಗೇ ಮಾಡ್ತಿದ್ರಣ್ಣ," ಎಂದಳು. "ಕೇಜು ಇಳಿಯೋವಾಗ ಒಟ್ಟೆ ಜುಮ್ ಅಂತದೆ, ಆಗ ದೇವ್ರು ಪಕ್ಕದಲ್ಲೇ ಇರ್ತಾನೆ ಅಂತಿದ್ರು. ಅದೆಂಗಿರ್ತದೋ ನೋಡಾನ ಅಂತ ಬಂದೆ."

"ಈಗ ಅವರು?"

"ಒಳಗೇ ಅವ್ರೆ. ಬಂಡೆ ಬಿತ್ತು. ಮೇಲಕ್ಕೆ ತರಕಾಗ್ಲಿಲ್ಲ."

ಮಗಳು ತೀರಿಕೊಂಡ ಮೇಲೆ ನಾನು ದೇವರನ್ನು ಕರೆದವನಲ್ಲ. ತೊಟ್ಟಿಲು ತುದಿಗೇರಿದಾಗ ಗಣಿಯ ಬೂದು ಮಣ್ಣಿನ ದಿಬ್ಬಗಳು ಕಂಡವು. ಮರುಗಳಿಗೆ ಅದು ಕೆಳಕ್ಕೆ ಜಾರಿತು. ಕಂಬಿಯನ್ನು ಬಿಗಿಯಾಗಿ ಹಿಡಿದು "ದೇವರೇ!" ಎಂದು ಕೂಗಿಬಿಟ್ಟೆ. ಎಷ್ಟೋ ಕಾಲದ ಮೇಲೆ, ಯಾರೋ ಪಕ್ಕದಲ್ಲಿದ್ದಾರೆ ಎನಿಸಿತು.

ಅವಳು ನನ್ನತ್ತ ತಿರುಗಿದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ.

"ಬಂಡೆ ಬಿದ್ದಾಗ ಅವ್ರೂ ಇಂಗೇ ಕೂಗಿರ್ತಾರಲ್ವಾ ಅಣ್ಣ?"

ತೊಟ್ಟಿಲು ಮತ್ತೆ ಮೇಲೇರಿತು. ಆಮೇಲೆ ಎಷ್ಟು ಸಲ ಜಾರಿದರೂ ನಾನು ದೇವರನ್ನು ಕರೆಯಲಿಲ್ಲ.