ಅತ್ತೆಯ ಕೊರಬಾಡು

ಯುಗಾದಿಯ ಬೇವು-ಬೆಲ್ಲಕ್ಕಿಂತ ಮಾರನೆಯ ದಿನದ ಹೊಸತೊಡಕಿಗೇ ನಮ್ಮ ಮನೆ ಕಾದು ಕೂರುತ್ತಿತ್ತು. ಅರವತ್ತರ ದಶಕ, ನಾನು ಕುಣಿಗಲ್‌ಗೆ ಸೊಸೆಯಾಗಿ ಬಂದ ಹೊಸತು. ಬೆಳಕು ಹರಿಯುವ ಮೊದಲೇ ಬೀದಿಯವರು ಸೇರಿ ಕುರಿ ಕೊಯ್ದು, ಮಾಂಸವನ್ನು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಿದ್ದರು. ತಿಂದು ಮಿಕ್ಕಿದ್ದು ಅತ್ತೆಯ ಮುಂದೆ ಬರುತ್ತಿತ್ತು. ಅವರು ಅದನ್ನು ಉದ್ದುದ್ದ ಸೀಳಿ, ಉಪ್ಪು ಅರಿಸಿನ ತಿಕ್ಕಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಿದ್ದರು. ಅದೇ ಕೊರಬಾಡು. ಒಣಗಿದ್ದನ್ನು ಕೆಂಡದ ಮೇಲೆ ಸುಟ್ಟರೆ ವಾಸನೆಗೇ ಮುದ್ದೆ ಇಳಿಯುತ್ತಿತ್ತು. ತಿಕ್ಕುವ ಮೊದಲು ಉಪ್ಪಿನ ಹದವನ್ನು ನಾಲಿಗೆಗಿಟ್ಟು ನೋಡುವುದು ಅತ್ತೆಯೊಬ್ಬರ ಹಕ್ಕು. ಯಾರನ್ನೂ ಹತ್ತಿರ ಬಿಟ್ಟವರಲ್ಲ, ನನ್ನನ್ನಂತೂ ಇಲ್ಲವೇ ಇಲ್ಲ.

ಒಂದು ವರ್ಷ ಅವರ ಪಾದ ಊದಿತು, ಆಮೇಲೆ ಮುಖ. ತುಮಕೂರಿನ ಡಾಕ್ಟರು ಮೂತ್ರಪಿಂಡ ಸೋತಿದೆ, ಉಪ್ಪು ಬಿಡದಿದ್ದರೆ ಉಳಿಯುವುದು ಕಷ್ಟ ಎಂದರು. ಅಂದಿನಿಂದಲೇ ಅತ್ತೆಗೆ ಬೇರೆ ಮಡಕೆ, ಸಪ್ಪೆ ಸಾರು. ಉಪ್ಪಿನ ಜಾಡಿಗೆ ನಾನೇ ಕಾವಲು. ಆದರೂ ಊತ ಇಳಿಯಲಿಲ್ಲ. ಡಾಕ್ಟರನ್ನು ಚೆನ್ನಾಗಿ ಕೇಳಿಬಿಡೋಣ ಎಂದು ಸಿಟ್ಟಿನಲ್ಲೇ ಅತ್ತೆಯನ್ನು ಕರೆದುಕೊಂಡು ಮತ್ತೆ ಬಸ್ಸು ಹತ್ತಿದೆ.

"ಏನು ಊಟ ಮಾಡ್ತೀರಮ್ಮ?" ಎಂದು ಡಾಕ್ಟರು ಕೇಳಿದರು.

ಅತ್ತೆ ಸೆರಗು ಸರಿಮಾಡಿಕೊಂಡು, "ಉಪ್ಪು ಮುಟ್ಟಿಲ್ಲ ಸ್ವಾಮಿ. ಮುದ್ದೆ ಸಪ್ಪೆ, ಸಾರು ಸಪ್ಪೆ. ಗಂಟ್ಲಲ್ಲಿ ಇಳೀಲಿ ಅಂತ ದಿನಾ ಒಂದಿಷ್ಟು ಕೊರಬಾಡು ಸುಟ್ಕೋತೀನಿ, ಅಷ್ಟೇಯ" ಎಂದರು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದು ಕೆಡದೇ ಇರ್ಲಿ ಅಂತ ಏನು ಹಾಕ್ತೀರಿ?"

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಮಗೆ ಉಪ್ಪೆಂದರೆ ಜಾಡಿಯಲ್ಲಿರುವುದು, ಕೊರಬಾಡು ಎಂದರೆ ಬಾಡು, ಬರೀ ಮಾಂಸ. ಇಬ್ಬರಿಗೂ ಹೊಳೆದೇ ಇರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಳ್ಳ ಸಿಕ್ಕಿಬಿದ್ದಿದ್ದ, ಅತ್ತೆ ಉಳಿಯುತ್ತಾರೆ. ಹೆಬ್ಬೂರು ದಾಟಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ಆ ಕೊರಬಾಡಿನ ಸರ ಬಿಚ್ಚಿ ಪಕ್ಕದ ಮನೆಗೆ ಕೊಟ್ಬುಡು" ಎಂದರು.

ಅವರ ಮನಸ್ಸು ಬದಲಾಗುವ ಮೊದಲೇ ಕೊಟ್ಟುಬಂದೆ. ಆಮೇಲೆ ದಿನಾ ಬೆಳಿಗ್ಗೆ ಅವರ ಪಾದ ಒತ್ತಿ ನೋಡುವುದೇ ನನ್ನ ಮೊದಲ ಕೆಲಸ. ಒತ್ತಿದಲ್ಲಿ ಬೀಳುತ್ತಿದ್ದ ಗುಳಿ ಸಣ್ಣಗಾಗುತ್ತಾ ಬಂತು. ಕಾಲುಂಗುರ ಸಡಿಲವಾಗಿ ತಿರುಗಿದ ದಿನ ನಾನು ಬೀದಿಗೆಲ್ಲ ಸಾರಿದೆ. ಕಾಯಿಲೆ ಹೋಗಿರಲಿಲ್ಲ, ಆದರೆ ಅತ್ತೆ ಎದ್ದು ಓಡಾಡುತ್ತಿದ್ದರು.

ಮುಂದಿನ ಹೊಸತೊಡಕು ಬಂತು. ತಾವು ತಿನ್ನದಿದ್ದರೂ ಮನೆಯವರಿಗೆಂದು ಅತ್ತೆ ಎಂದಿನಂತೆ ಮಾಂಸದ ಮುಂದೆ ಕೂತು, ಉಪ್ಪು ಅರಿಸಿನ ಕಲಸಿ, ಬೆರಳಿಗೆ ಹಚ್ಚಿ ಬಾಯಿಯ ಹತ್ತಿರ ತಂದರು. ಅಲ್ಲೇ ನಿಲ್ಲಿಸಿದರು. ಅವರು ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಟ್ಟಲನ್ನು ನನ್ನತ್ತ ತಳ್ಳಿದರು.

"ನೀನು ನೋಡೇ. ಇನ್ಮೇಕೆ ನೀನೇ ನೋಡ್ಬೇಕು."

ನಾಲಿಗೆಗಿಟ್ಟುಕೊಂಡೆ. ಕಣ್ಣು ತುಂಬಿ ಬಂತು.

"ಒಂಚೂರು ಸಾಲ್ದು ಅತ್ತೆ."

ಅವರು ಇನ್ನೊಂದು ಹಿಡಿ ಉಪ್ಪು ಹಾಕಿದರು.