ಪಾಂಟಿಯಾಕಿನ ಸೀಟು ಹೊಲಿದವಳು

ಯಾವ ವಸ್ತುವಿನ ಹೊರಮೈ ನೋಡಿಯೂ ಕ್ಯಾರೋಲಿನ್‌ಗೆ ಸಮಾಧಾನವಾದದ್ದಿಲ್ಲ. ಕಲ್ಯಾಣಪುರದಲ್ಲಿ ಹುಡುಗಿಯಾಗಿದ್ದಾಗ, ಕಡ್ಡಿಗಳು ಒಳಗೆ ಹೇಗೆ ಕೂತಿವೆಯೆಂದು ನೋಡಲು ಪಾದ್ರಿಗಳ ಕೊಡೆಯನ್ನೇ ಬಿಚ್ಚಿ ಪೆಟ್ಟು ತಿಂದಿದ್ದಳು. ಅವಳ ತಂದೆ ಜೂಲಿಯನ್ ಇಗರ್ಜಿಯ ಎದುರಿಗೆ ಅಂಗಡಿಯಿಟ್ಟಿದ್ದ ಟೈಲರ್. ಮಗಳ ಈ ಚಾಳಿ ಹೋಗುವಂಥದ್ದಲ್ಲ ಎಂದು ತಿಳಿದಮೇಲೆ ಅವರು ಹಳೆಯ ಕೋಟುಗಳನ್ನು ಅವಳ ಮಡಿಲಿಗೆ ಹಾಕಿದರು. "ಬಿಚ್ಚು. ಬಿಚ್ಚಿದ್ದನ್ನು ಮೊದಲಿದ್ದ ಹಾಗೇ ಹೊಲಿ."

ಹಾಗೆ ಕೆಲಸ ಕಲಿತಳು. ಮೊದಲ ಪಾಠವೆಂದರೆ ಹೊಲಿಗೆಯ ಒಳಗೆ ಎರಡು ಬೆರಳಿನಷ್ಟು ಬಟ್ಟೆ ಬಿಡುವುದು. ಮಕ್ಕಳು ಬೆಳೆಯುತ್ತಾರೆ, ಹೆಂಗಸರು ಹೆತ್ತ ಮೇಲೆ ಮೈ ತುಂಬಿಕೊಳ್ಳುತ್ತಾರೆ. ಆಗ ಬಿಚ್ಚಿ ಅಗಲ ಮಾಡಲು ಬಟ್ಟೆ ಒಳಗೇ ಇರಬೇಕು. ಜೂಲಿಯನ್ ಹೊಲಿದ ಚಡ್ಡಿಯನ್ನು ಒಬ್ಬ ಹುಡುಗ ಮೂರು ವರ್ಷ ಹಾಕುತ್ತಿದ್ದ.

ಸ್ಟ್ಯಾನಿಯನ್ನು ಮದುವೆಯಾಗಿ ಕ್ಯಾರೋಲಿನ್ ಮಸ್ಕತ್ತಿಗೆ ಬಂದದ್ದು ಎಂಬತ್ತೈದರಲ್ಲಿ. ಸ್ಟ್ಯಾನಿ ವಾದಿ ಅದಾಯ್‌ನ ಒಂದು ಗ್ಯಾರೇಜಿನಲ್ಲಿ ಎಲೆಕ್ಟ್ರಿಷಿಯನ್. ಮನೆ ಅದರ ಹಿಂದಿನ ಕಟ್ಟಡದ ಎರಡನೆಯ ಮಹಡಿ. ಒಂಬತ್ತು ವರ್ಷ ಅವಳು ಅಲ್ಲಿ ತಮ್ಮೂರ ಕಡೆಯ ಹೆಂಗಸರಿಗೆ ರವಿಕೆ, ಮಗಳು ಡಾಲಿಗೂ ಉಳಿದ ಮಕ್ಕಳಿಗೂ ಫ್ರಾಕು ಹೊಲಿದಳು. ಕೈ ಚೆನ್ನಾಗಿ ಓಡುತ್ತಿತ್ತು, ಮನಸ್ಸು ಮಾತ್ರ ಆಕಳಿಸುತ್ತಿತ್ತು. ರವಿಕೆಯ ಒಳಗೆ ನೋಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ಕಿಟಕಿಯಿಂದ ಗ್ಯಾರೇಜಿನ ಅಂಗಳ ಕಾಣುತ್ತಿತ್ತು. ಅಲ್ಲಿ ಒಂದು ಕಾರು ಮೂರು ವರ್ಷಗಳಿಂದ ತುಸುತುಸುವೇ ಜೀವ ತುಂಬಿಕೊಳ್ಳುತ್ತಿತ್ತು. ಅರವತ್ತೆಂಟರ ಪಾಂಟಿಯಾಕ್. ಅಮೆರಿಕದಲ್ಲಿ ಓಟದ ಹುಚ್ಚಿನವರಿಗೆಂದೇ ಮಾಡಿದ್ದು: ಎರಡೇ ಬಾಗಿಲು, ಮಂಚದಷ್ಟು ಉದ್ದದ ಬಾನೆಟ್ಟು, ಅದರ ಕೆಳಗೆ ಎಂಟು ಸಿಲಿಂಡರಿನ ಎಂಜಿನ್ನು. ಯಾರೋ ಕುವೈತಿನಿಂದ ತಂದು, ಓಡಿಸಿ, ಕೊನೆಗೆ ಒಳನಾಡಿನ ಇಬ್ರಾ ಊರಿನ ಒಂದು ತೋಟದ ಗೋಡೆಗೆ ಒತ್ತಿ ನಿಲ್ಲಿಸಿ ಮರೆತಿದ್ದರು. ಗ್ಯಾರೇಜಿನ ಮಾಲೀಕ ಹಮೂದ್, ಸ್ಟ್ಯಾನಿಯ ವೀಸಾಕ್ಕೆ ಹೊಣೆಯಾದ ಕಫೀಲ್, ಅದನ್ನು ಎಳೆದು ತಂದು ತಗಡು ಕೂಡಿಸಿ, ಎಂಜಿನ್ನು ಬಿಚ್ಚಿ ಕಟ್ಟಿಸಿ, ಕಡುಹಸಿರು ಬಣ್ಣ ಹೊಡೆಸಿದ್ದ. ತೊಂಬತ್ತನಾಲ್ಕರ ಚಳಿಗಾಲದಲ್ಲಿ ಗಾಜಿನ ಮೇಲೆ 'ಮಾರಾಟಕ್ಕಿದೆ' ಎಂಬ ಅರಬ್ಬಿ ಚೀಟಿಯೂ ಬಂತು. ಸೀಟು ಮಾತ್ರ ಹರಿದೇ ಇತ್ತು. ಸೀಟು ಹೊಲಿಯುತ್ತಿದ್ದ ಪಾಕಿಸ್ತಾನಿ ಕೆಲಸಗಾರ ಊರಿಗೆ ಹೋದವನು ಮರಳಿರಲಿಲ್ಲ.

"ಸೀಟು ನಂಗೆ ಕೊಡಿಸಿ," ಅಂದಳು ಕ್ಯಾರೋಲಿನ್.

ಸ್ಟ್ಯಾನಿ ಊಟದ ತಟ್ಟೆಯಿಂದ ತಲೆಯೆತ್ತಿದ. "ಅದೆಂತ ಡಾಲಿಯ ಫ್ರಾಕಾ ಮಾರಾಯ್ತಿ? ಹೆಂಡತಿ ಹೊಲಿತಾಳೆ ಅಂತ ಹೇಳಿದ್ರೆ ಇಡೀ ಗ್ಯಾರೇಜು ನಗ್ತದೆ. ಹಮೂದ್ ಒಪ್ಪುವುದೂ ಇಲ್ಲ."

"ಹೆಂಡತಿ ಅಂತ ಯಾಕೆ ಹೇಳ್ಬೇಕು? ಒಬ್ಬ ಟೈಲರ್ ಇದ್ದಾನೆ ಅಂತ ಹೇಳಿ."

ಮರುದಿನ ಹಮೂದ್ ಟೈಲರನ ಹೆಸರು ಕೇಳಿದಾಗ ಸ್ಟ್ಯಾನಿಯ ಬಾಯಿಗೆ ಬಂದದ್ದು ಮಾವನ ಹೆಸರು. ಪಕ್ಕದ ರೂವಿ ಪೇಟೆಯಲ್ಲಿರುವ ಜೂಲಿಯನ್, ಬಹಳ ಹಳೆಯ ಕೈ. ಹಮೂದ್ ಒಪ್ಪಿದ. ಗುರುವಾರ ಇಬ್ರಾದಿಂದ ಗಿರಾಕಿ ಬರುತ್ತಾನೆ. ಅವನು ಸೀಟಿನಲ್ಲಿ ತಪ್ಪು ಹುಡುಕದಿದ್ದರೆ ಇನ್ನು ಮುಂದೆ ಗ್ಯಾರೇಜಿನ ಎಲ್ಲ ಸೀಟೂ ಜೂಲಿಯನ್‌ಗೆ. ತಪ್ಪು ಕಂಡರೆ ಖಲಾಸ್, ಕೆಲಸ ದುಬೈಗೆ ಹೋಗುತ್ತದೆ.

ಸೀಟುಗಳು ಮಹಡಿ ಹತ್ತಿ ಬಂದವು. ಕ್ಯಾರೋಲಿನ್ ಎರಡು ದಿನ ಅಡುಗೆಯನ್ನೂ ಅರ್ಧಂಬರ್ಧ ಮಾಡಿದಳು. ಹಳೆಯ ರೆಕ್ಸಿನ್ನನ್ನು ಒಂದೊಂದೇ ನೂಲು ಕತ್ತರಿಸಿ ತೆಗೆದರೆ ಒಳಗಿನಿಂದ ಒಂದು ಬೊಗಸೆ ಮರಳು ಸುರಿಯಿತು. ಒಂದು ತಲೆಪಿನ್ನು, ಖರ್ಜೂರದ ಬೀಜಗಳು, ಹರಿದ ಸಿನಿಮಾ ಟಿಕೆಟ್ಟು. ಯಾವ ಸಿನಿಮಾ, ಯಾರ ತಲೆಪಿನ್ನು, ಟಿಕೆಟ್ಟಿನವನೂ ಪಿನ್ನಿನವಳೂ ಒಟ್ಟಿಗೆ ಹೋಗಿದ್ದರೇ ಎಂದು ಯೋಚಿಸುತ್ತ ಅವಳು ತುಂಡುಗಳನ್ನು ನೆಲದ ಮೇಲೆ ಹರಡಿದಳು. ಆಗ ಕಣ್ಣಿಗೆ ಬಿದ್ದದ್ದು ಹೊಲಿಗೆಯ ಒಳಅಂಚು. ಉಗುರಿನಷ್ಟೂ ಅಗಲವಿರಲಿಲ್ಲ.

'ಅಷ್ಟು ದೊಡ್ಡ ದೇಶ, ಇಷ್ಟೇ ಬಟ್ಟೆ ಬಿಡುವುದಾ!' ಅನ್ನಿಸಿತು. ಪಾಪ, ಕಾರ್ಖಾನೆಯ ಅವಸರ ಇರಬೇಕು. ತಾನು ಕತ್ತರಿಸುವಾಗ ಸುತ್ತಲೂ ಎರಡು ಬೆರಳು ಬಿಟ್ಟಳು.

ಮಂಗಳವಾರ ಸ್ಟ್ಯಾನಿ ಇಕ್ಕಳ ಹಿಡಿದು ಚಾಲಕನ ಸೀಟಿಗೆ ಹೊಸ ಹೊದಿಕೆ ಎಳೆದು ಕಟ್ಟಿದ. ಹೊಲಿಗೆ ಇದ್ದಲ್ಲೆಲ್ಲ ರೆಕ್ಸಿನ್ನು ಉಬ್ಬಿ ನಿಂತಿತು. ಅವನು ಕೂತವನು ಅಷ್ಟೇ ಬೇಗ ಎದ್ದ.

"ಕ್ಯಾರಿ, ಇದ್ರೊಳಗೆ ಹಗ್ಗ ಇಟ್ಟಿದ್ದಿಯಾ?"

"ಹಗ್ಗ ಎಂತಕ್ಕೆ? ಎರಡು ಬೆರಳು ಬಟ್ಟೆ ಬಿಟ್ಟದ್ದು."

"ಯಾಕೆ? ಮುಂದಿನ ವರ್ಷ ಕಾರಿಗೆ ಹೊಟ್ಟೆ ಬರ್ತದಾ?"

ಅವನು ನಗತೊಡಗಿದ. ಶಾಲೆಯ ಚೀಲ ಇಳಿಸುತ್ತಿದ್ದ ಡಾಲಿಯೂ "ಮಮ್ಮಿ, ಕಾರ್ಸ್ ಡೋಂಟ್ ಗ್ರೋ!" ಎಂದು ಕಿಲಕಿಲ ನಕ್ಕಳು. ಕ್ಯಾರೋಲಿನ್ ನಗಲಿಲ್ಲ. ಉಬ್ಬಿನ ಮೇಲೆ ಅಂಗೈ ಆಡಿಸಿ ನೋಡಿದಳು. ಅಮೆರಿಕದವನು ಜಿಪುಣನಾಗಿರಲಿಲ್ಲ. ಸೀಟು ಬೆಳೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಅಷ್ಟೆ.

ಬೇರೆ ರೆಕ್ಸಿನ್ನು ಇರಲಿಲ್ಲ. ಬಿಚ್ಚಿ ಹೊಲಿಯೋಣವೆಂದರೆ ರೆಕ್ಸಿನ್ನಿನಲ್ಲಿ ಸೂಜಿಯ ತೂತು ಮುಚ್ಚಿಕೊಳ್ಳುವುದಿಲ್ಲ. ಉಳಿದದ್ದು ಒಂದೇ ದಾರಿ: ಹೊದಿಕೆಗಳನ್ನು ಒಳಹೊರಗು ಮಾಡಿ, ಬಿಟ್ಟ ಬಟ್ಟೆಯನ್ನು ಕತ್ತರಿಸಿಬಿಡುವುದು. ಕತ್ತರಿ ಒಂದು ಕೂದಲೆಳೆ ಜಾರಿದರೂ ಎಲ್ಲ ಮುಗಿಯಿತು. ಬುಧವಾರ ಡಾಲಿ ಶಾಲೆಗೆ ಹೋದಮೇಲೆ ಅವಳು ಶಿಲುಬೆಯ ಗುರುತು ಮಾಡಿಕೊಂಡು ನೆಲದಲ್ಲಿ ಕೂತಳು. ಕೈ ಮುಂದೆ ಹೋಗಲೊಲ್ಲದು. ಹುಟ್ಟಿದಾರಭ್ಯ ಕಲಿತದ್ದನ್ನೇ ಕತ್ತರಿಸಿದ ಹಾಗೆ. ಮೊದಲ ಪಟ್ಟಿ ಉದುರಿದಾಗ "ಅಪ್ಪಾ, ಕ್ಷಮಿಸಿ" ಅಂದಳು. ಹತ್ತನೆಯದಕ್ಕೆ ಏನೂ ಅನ್ನಲಿಲ್ಲ. ಆಮೇಲೆ ಹೊಲಿಗೆಯ ಪಕ್ಕದಲ್ಲೇ ಇನ್ನೊಂದು ಸಾಲು ಹೊಡೆದು ಬಿಗಿ ಮಾಡಿದಳು. ರಾತ್ರಿ ಸ್ಟ್ಯಾನಿ ಹೊದಿಕೆಗಳನ್ನು ಸೀಟುಗಳಿಗೆ ಕಟ್ಟಿ ಕಾರಿಗೆ ಕೂಡಿಸಿದ.

ಗುರುವಾರ ಸಂಜೆ ನಾಲ್ಕಕ್ಕೆ, ಗಂಡನಿಗೆ ಚಹಾ ಕೊಡುವ ನೆವದಲ್ಲಿ ಅವಳು ಫ್ಲಾಸ್ಕ್ ಹಿಡಿದು ಕೆಳಗಿಳಿದಳು. ಗಿರಾಕಿ ಖಲ್ಫಾನ್ ಬಂದಾಗಿತ್ತು. ಭಾರೀ ಆಳು. ಅವನ ಜೊತೆ ಹೆಂಡತಿ ಫಾತಿಮಾ, ಹಿಂದಿ ಸಿನಿಮಾ ನೋಡಿ ಹಿಂದಿ ಕಲಿತ ಚುರುಕಿನ ಹೆಂಗಸು. ಖಲ್ಫಾನ್ ಎಂಜಿನ್ನಿನ ಸದ್ದು ಕೇಳಿ ತಲೆದೂಗಿದ, ಟೈರಿಗೆ ಒದ್ದ. ಕೆಳಗಿನ ತಗಡಿಗೆ ತುಕ್ಕು ಹಿಡಿದಿದೆಯೋ ಎಂದು ನೋಡಲು ಹಿಂದಿನ ಸೀಟನ್ನು ಎತ್ತಿ ಹೊರಗೆ ತಂದು ಮಗುಚಿ ಇಟ್ಟ. ತುಕ್ಕಿರಲಿಲ್ಲ.

ಆದರೆ ಫಾತಿಮಾ ಮಗುಚಿದ ಸೀಟಿನ ಬಳಿ ಬಗ್ಗಿದಳು. ಅಂಚು ತಿರುವಿ, ಅಂಗಡಿಯಲ್ಲಿ ಹೆಂಗಸರು ನೋಡುತ್ತಾರಲ್ಲ, ಹಾಗೇ ಹೊಲಿಗೆಯ ಒಳಗನ್ನು ನೋಡಿದಳು.

"ಹೊಲಿದವನು ಯಾರು? ಮಹಾ ಜಿಪುಣ! ಒಳಗೆ ಬಟ್ಟೆಯೇ ಬಿಟ್ಟಿಲ್ಲ. ನಾಳೆ ಕಿತ್ತುಕೊಂಡರೆ ಏನು ಗತಿ?"

ಖಲ್ಫಾನ್‌ನ ಮುಖ ಗಂಭೀರವಾಯಿತು. ಹಮೂದ್ ಸ್ಟ್ಯಾನಿಯ ಕಡೆ ತಿರುಗಿದ. ಧಣಿಯ ಎದುರು ಸ್ಟ್ಯಾನಿ ತಡವರಿಸಿದ. "ಜೂಲಿಯನ್ ಮಾಡಿದ್ದು, ಅರ್ಬಾಬ್. ಮುದುಕ. ಕಣ್ಣು ಸರಿ ಕಾಣೋದಿಲ್ಲ. ಬಟ್ಟೆ ಸ್ವಲ್ಪ ಉಳಿಸಿಕೊಂಡನೋ ಏನೋ..."

ಫ್ಲಾಸ್ಕ್ ಠಣ್ಣೆಂದು ನೆಲಕ್ಕೆ ಇಳಿಯಿತು.

"ಯಾರು ಉಳಿಸಿಕೊಂಡದ್ದು? ನನ್ನ ಅಪ್ಪನಾ?" ಅಂದಳು ಕ್ಯಾರೋಲಿನ್ ಗಂಡನಿಗೆ. ಆಮೇಲೆ ಫಾತಿಮಾಳ ಕಡೆ ತಿರುಗಿ, ತನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದಳು: "ಮೇಡಂ, ನನ್ನ ಅಪ್ಪ ಯಾರಿಗೂ ಬಟ್ಟೆ ಕಡಿಮೆ ಬಿಟ್ಟವರಲ್ಲ. ಇದು ಹೊಲಿದದ್ದು ನಾನು. ಕತ್ತರಿಸಿದ್ದೂ ನಾನೇ. ಎರಡು ಬೆರಳು ಬಿಟ್ಟಿದ್ದೆ, ಕೂತರೆ ಹಗ್ಗದ ಮೇಲೆ ಕೂತ ಹಾಗಾಯ್ತು. ಎಳೆದು ನೋಡಿ. ಇಬ್ಬರೂ ಎಳೆಯಿರಿ."

ಫಾತಿಮಾ ತೋಳಿನ ಬಟ್ಟೆ ಮೇಲಕ್ಕೇರಿಸಿ ಎಳೆದಳು. ಹೊಲಿಗೆ ಅಲುಗಲಿಲ್ಲ. ಗಂಡನನ್ನು ಕರೆದಳು. ಖಲ್ಫಾನ್ ಮಂಡಿಯೂರಿ, ಕತ್ತಿನ ನರ ಉಬ್ಬುವಷ್ಟು ಎಳೆದ. ಆಮೇಲೆ ಸೀಟನ್ನು ತಾನೇ ಒಳಗಿಟ್ಟು, ಅದರ ಮೇಲೆ ಕೂತು, ಎಡಕ್ಕೂ ಬಲಕ್ಕೂ ಹೊರಳಿದ.

"ಹಗ್ಗ ಇದೆಯಾ?" ಎಂದಳು ಫಾತಿಮಾ.

"ಇಲ್ಲ."

"ಹಾಗಾದರೆ ಇಳಿ. ನಾನು ಕೂತು ನೋಡಬೇಡವೇ?" ಅವಳು ಒಳಗೆ ಹತ್ತಿ ಕ್ಯಾರೋಲಿನ್‌ಳನ್ನೂ ಕೈ ಹಿಡಿದು ಎಳೆದುಕೊಂಡಳು. "ಯಲ್ಲಾ!"

ಖಲ್ಫಾನ್ ಓಡಿಸಿದ ಕಾರು ಕಡಲ ಬದಿಯ ಖುರುಮ್‌ವರೆಗೂ ಹೋಗಿ ಬಂತು. ಹೋಗುವಾಗ ದಾರಿಯುದ್ದಕ್ಕೂ ಕ್ಯಾರೋಲಿನ್ ರಸ್ತೆ ನೋಡಲಿಲ್ಲ. ಎಂಜಿನ್ನಿನ ಗುಡುಗು ನೆಲದ ತಗಡಿನಿಂದ ಸ್ಪಂಜಿಗೆ, ಸ್ಪಂಜಿನಿಂದ ರೆಕ್ಸಿನ್ನಿಗೆ ಹೇಗೆ ಏರುತ್ತದೆಂದು ಅಂಗೈಯಿಟ್ಟು ನೋಡುತ್ತಿದ್ದಳು. ಫಾತಿಮಾ ಅವಳ ಮಕ್ಕಳೆಷ್ಟು, ಊರು ಯಾವುದು, ಈ ಬಗೆಯ ಜೋಡಿ ಹೊಲಿಗೆ ತಾನು ತೊಟ್ಟ ಅಬಾಯಾಕ್ಕೆ ಬರುತ್ತದೆಯೇ ಎಂದೆಲ್ಲ ಕೇಳಿದಳು.

ಮರಳಿ ಬಂದಾಗ ಖಲ್ಫಾನ್ ಹಮೂದನ ಕೈ ಕುಲುಕಿದ. ಹಮೂದ್ ಗಾಜಿನ ಚೀಟಿ ಕಿತ್ತು ಮುದುಡಿದ. ಹಸಿರು ಕಾರು ಧೂಳೆಬ್ಬಿಸಿ ಹೋದಮೇಲೆ ಅವನು ನಿಧಾನವಾಗಿ ಸ್ಟ್ಯಾನಿಯ ಎದುರು ಬಂದು ನಿಂತ.

"ರೂವಿಯ ಜೂಲಿಯನ್ ಎಲ್ಲಿ?"

"ಕಲ್ಯಾಣಪುರದಲ್ಲಿ, ಅರ್ಬಾಬ್," ಅಂದ ಸ್ಟ್ಯಾನಿ ನೆಲ ನೋಡುತ್ತ.

ಯಾರೋ ಕಿಸಕ್ಕೆಂದರು. ಹಮೂದ್ ಅತ್ತ ಒಮ್ಮೆ ತಿರುಗಿ ನೋಡಿದ, ಸದ್ದು ಅಡಗಿತು. ಅವನು ಕ್ಯಾರೋಲಿನ್ ಕಡೆ ಬೆರಳು ಮಾಡಿ, "ಯಾ ಜೂಲಿಯನ್‌ನ ಮಗಳೇ, ಬಸ್ಸಿನ ಸೀಟು ಬರುತ್ತದಾ? ಶನಿವಾರ ಒಂದು ಶಾಲಾ ಬಸ್ಸು ಬರಲಿಕ್ಕಿದೆ. ಇಪ್ಪತ್ತಾರು ಸೀಟು" ಅಂದ.

ಬಸ್ಸಿನ ಸೀಟನ್ನು ಅವಳು ಮುಟ್ಟಿಯೂ ಗೊತ್ತಿರಲಿಲ್ಲ. ಸ್ಟ್ಯಾನಿ ಗಾಬರಿಯಿಂದ ಅವಳ ಮುಖ ನೋಡುತ್ತಿದ್ದ.

"ಒಂದನ್ನು ಮೇಲೆ ಕಳಿಸಿ," ಅಂದಳು ಕ್ಯಾರೋಲಿನ್. "ಬಿಚ್ಚಿ ನೋಡಿ ಹೇಳ್ತೇನೆ."