ಬಾವಿಯ ಮೆಟ್ಟಿಲ ಮೇಲೆ ಕುಳಿತ ಹೆಂಗಸರು

ಹೈದರಾಬಾದಿನಲ್ಲಿ ನರ್ಸ್ ತರಬೇತಿ ಮುಗಿಸಿ ನಾನು ಯಲಬುರ್ಗಾದ ದವಾಖಾನೆಗೆ ಬಂದ ವರ್ಷವೇ ಡಾಕ್ಟರ್ ಸಾಹೇಬರೊಬ್ಬರು ಬೇವೂರಿನಾಚೆಯ ಹಳ್ಳಿಯೊಂದಕ್ಕೆ ಹೊರಟರು. ಅಲ್ಲಿ ನಾರುಹುಣ್ಣು ವಿಪರೀತ. ಕಾಲಿನ ಬೊಕ್ಕೆ ಒಡೆದು ಬಿಳಿ ದಾರದಂಥ ಹುಳು ಹೊರಬರುವ ಬೇನೆ. ಬಿತ್ತನೆಯ ಹೊತ್ತಿಗೇ ಜನ ಹಾಸಿಗೆ ಹಿಡಿಯುತ್ತಿದ್ದರು. ಸಾಹೇಬರಿಗೆ ಕನ್ನಡ ಬಾರದು, ಊರಿನವರಿಗೆ ಅವರ ಉರ್ದು ತಿಳಿಯದು. ಮಾತು ದಾಟಿಸಲು ನನ್ನನ್ನು ಕರೆದೊಯ್ದಿದ್ದರು.

ಜನ ಇಳಿದು ನೀರು ತುಂಬುವ ಊರಿನ ಮೆಟ್ಟಿಲ ಬಾವಿಯನ್ನು ನೋಡಿದ್ದೇ ತಡ, "ಇದನ್ನು ಮುಚ್ಚಿಸಿ" ಎಂದರು. ಅವರ ಓದು ಸುಳ್ಳಲ್ಲ. ಹುಣ್ಣಿದ್ದವರು ನೀರಿಗಿಳಿದರೆ ಹುಳುವಿನ ಮರಿಗಳು ನೀರು ಸೇರುತ್ತವೆ. ನೀರಿನ ಸಣ್ಣ ಚಿಗಟಗಳು ಅವನ್ನು ನುಂಗುತ್ತವೆ. ಆ ನೀರು ಕುಡಿದವರಿಗೆ ಬೇನೆ. ನಾನೂ ಅದನ್ನೇ ಓದಿದ್ದೆ. ಆದರೆ ಊರಿನ ಉಳಿದ ಬಾವಿಗಳೆಲ್ಲ ಸವುಳು, ಕುಡಿಯಲು ಇದೊಂದೇ ಸಿಹಿನೀರು.

ಮುಚ್ಚಿಸುವ ಆ ಮಾತನ್ನು ನಾನು ದಾಟಿಸಲಿಲ್ಲ. ನೀರಿಗೆ ಬಂದಿದ್ದ ಹೆಂಗಸರನ್ನು ಕೇಳಿದೆ: "ಯಾರ ಮನ್ಯಾಗ ಈ ಹುಣ್ಣು ಇಲ್ರಿ?"

"ನಮ್ಮ ಮನ್ಯಾಗ ಇಲ್ಲವ್ವಾ," ಎಂದಳು ದರ್ಜಿಯ ಹೆಂಡತಿ. "ನಮ್ಮತ್ತಿ ಬಟ್ಟಿ ಮಡಿಚಿ ಕೊಡದ ಬಾಯಿಗೆ ಕಟ್ಟಸ್ತಾಳ. ಸೋಸದ ಕುಡಿಯಂಗಿಲ್ಲ."

ಅರಿವೆಯಲ್ಲಿ ಚಿಗಟ ಉಳಿಯುತ್ತದೆ! ನನ್ನ ಪುಸ್ತಕ, ಅವಳತ್ತೆಯ ರೂಢಿ ಎರಡೂ ಕೂಡಿಬಂದವು. ಬಾವಿ ಮುಚ್ಚುವುದು ಬೇಡ, ಮೆಟ್ಟಿಲಷ್ಟೇ ಮುಚ್ಚಿ ಮೇಲೆ ರಾಟೆ ಹಾಕಿಸಿ, ಎಲ್ಲರೂ ಸೋಸಿ ಕುಡಿಯಲಿ ಎಂದು ಸಾಹೇಬರಿಗೆ ಹೇಳಿದೆ.

ಸಾಹೇಬರು ಕೆಂಡವಾದರು. "ನೀನು ಮಾತು ದಾಟಿಸಲು ಬಂದವಳು."

"ಹಾಗಾದರೆ ಮುಚ್ಚುವ ಮಾತನ್ನು ತಾವೇ ಇವರಿಗೆ ಹೇಳಿ."

ಅವರು ಜೊತೆಗೆ ಕರೆತಂದಿದ್ದ ಆಳುಗಳಿಗೆ ಕೈಸನ್ನೆ ಮಾಡಿದರು. ಆಳುಗಳು ಕಲ್ಲು ಎತ್ತಿದ್ದು ಕಂಡು ಹೆಂಗಸರಿಗೆ ಎಲ್ಲ ಅರ್ಥವಾಯಿತು. ಸರಸರನೆ ಇಳಿದು ಮೆಟ್ಟಿಲ ಮೇಲೆ ಕುಳಿತರು. "ಮೊದಲ ನಮ್ಮ ಮ್ಯಾಲ ಹಾಕ್ರಿ!" ಎಂದು ಮುದುಕಿಯೊಬ್ಬಳು ಕೂಗಿದಳು. ನಾನೂ ಚೀಲ ಕೆಳಗಿಟ್ಟು ಅವಳ ಪಕ್ಕದಲ್ಲಿ ಕುಳಿತೆ. ಬಿಸಿಲು ಇಳಿಯುವ ಮುಂಚೆ ಸಾಹೇಬರೇ ಹೊರಟುಹೋದರು.

ಊರವರೇ ಮೆಟ್ಟಿಲಿಗೆ ಗೋಡೆ ಕಟ್ಟಿ ರಾಟೆ ಹಾಕಿದರು. ಮುಂದಿನ ಬೇಸಿಗೆಯಲ್ಲೂ ಹುಣ್ಣು ಎದ್ದಾಗ ಊರಿನ ಗೌಡರು ನಕ್ಕರು: "ಎಲ್ಲಿ ಹೋತವ್ವ ನಿನ್ನ ವಿದ್ಯಾ?"

"ಇವು ಹೋದ ವರ್ಷ ಕುಡಿದ ನೀರಿನವು ಗೌಡ್ರ. ಹುಳ ಹೊರಗ ಬರಾಕ ವರ್ಷ ಹಿಡಿತೈತಿ. ಇನ್ನೊಂದು ಬ್ಯಾಸಗಿ ತಡೀರಿ."

ಅವರು ತಡೆದರು. ಆ ಇನ್ನೊಂದು ಬೇಸಿಗೆ ಕಳೆದು ಮಳೆ ಬಿದ್ದಾಗ ಊರಿನ ಬಹುತೇಕ ಜನ ತಮ್ಮ ಕಾಲ ಮೇಲೇ ನಿಂತು ಬಿತ್ತಿದರು. ಅಷ್ಟರಲ್ಲಿ ಮೇಲಿನವರು ನನ್ನನ್ನು ಕುಷ್ಟಗಿಗೆ ವರ್ಗ ಮಾಡಿ ಎತ್ತಿಹಾಕಿದ್ದರು. ಸಾಹೇಬರಲ್ಲಿ ತಪ್ಪಾಯಿತೆಂದು ಮಾಫಿ ಕೇಳಿದರೆ ವಾಪಸ್ ಕರೆಸುತ್ತೇವೆ ಎಂದರು. ನಾನು ಕೇಳಲಿಲ್ಲ. ಕುಷ್ಟಗಿ ಸೀಮೆಯಲ್ಲೂ ಮೆಟ್ಟಿಲ ಬಾವಿಗಳು ಬೇಕಾದಷ್ಟಿದ್ದವು.